ಬಿಸಿಯಾದರೆ ನಿಲ್ಲುವ ಟ್ರ್ಯಾಕ್ಟರು

ಅಣ್ಣ ತೀರಿಕೊಂಡ ಮೇಲೆ ಅವನ ಟ್ರ್ಯಾಕ್ಟರು ಅವನ ಬುದ್ಧಿಯನ್ನೇ ಕಲಿಯಿತು. ಬೆಳಗ್ಗೆ ಎಬ್ಬಿಸಿದರೆ ಒಂದೇ ಕೂಗಿಗೆ ಎದ್ದು ಹೊಲಕ್ಕೆ ಹೊರಡುವುದು. ಮೈ ಬಿಸಿಯಾಗುತ್ತಿದ್ದಂತೆ ಎರಡು ಸಲ ಕೆಮ್ಮಿ ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಏಳುವುದು.

"ನಿಮ್ಮಣ್ಣನೂ ಹೀಗೇ ಅಲ್ವಾ?" ಎನ್ನುತ್ತಿದ್ದರು ಅತ್ತಿಗೆ.

ಅಣ್ಣನ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟಾಗಲೂ ಅವರ ಕಣ್ಣಲ್ಲಿ ನೀರು ಬಂದಿರಲಿಲ್ಲ. ಆದರೆ ಟ್ರ್ಯಾಕ್ಟರನ್ನು ಬಿಡಲೊಲ್ಲರು. ಅವನ ಸೀಟಿನ ಮೇಲೆ ತಾವೇ ಕೂತು, ಆ ವಯಸ್ಸಿನಲ್ಲಿ, ಬೈದುಕೊಳ್ಳುತ್ತ ಓಡಿಸಲು ಕಲಿತಿದ್ದರು.

ಈಗ ಹೊಲ ನೋಡಿಕೊಳ್ಳುತ್ತಿದ್ದವನು ಅವರ ಅಳಿಯ. ಅವನಿಗೆ ಹೊಸ ಟ್ರ್ಯಾಕ್ಟರು ಬೇಕು. ಶೆಡ್ಡಿನಲ್ಲಿ ಇರುವುದು ಒಂದಕ್ಕೇ ಜಾಗ. ಆ ದಿನ ಗುಜರಿಯವನ ಲಾರಿಯನ್ನು ಕರೆಸಿ ಗೇಟಿನ ಬಳಿ ನಿಲ್ಲಿಸಿಯೇ ಬಿಟ್ಟಿದ್ದ.

"ಅತ್ತೆ, ಸಂಜೆಯೊಳಗೆ ಇದು ಎಲ್ಲೂ ನಿಲ್ಲದೆ ಒಂದ್ಸಲ ಇಡೀ ಹೊಲ ಉತ್ತರೆ ಇಲ್ಲೇ ಇರ್ಲಿ. ಇಲ್ದಿದ್ರೆ ಲಾರಿ ಹತ್ತುತ್ತೆ. ನೀವೇ ಒಪ್ಪಿದ್ದೀರಿ."

"ಒಪ್ಪಿದ್ದೀನಪ್ಪ. ನಾಲಿಗೆ ಇನ್ನೂ ಗಟ್ಟಿಯಾಗಿದೆ. ಹಳೇದು ಅಂತ ಅದನ್ನೂ ಗುಜರಿಗೆ ಹಾಕ್ಬೇಡ."

ಮೆಕ್ಯಾನಿಕ್ ಬೆಳಗಿನಿಂದ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದ. ಡೀಸೆಲ್ ಫಿಲ್ಟರ್ ತೊಳೆದ, ಪೈಪು ಊದಿದ, ಕೊನೆಗೆ ಜ್ವರ ಬಂದ ಮಗುವಿಗೆ ಹಾಕುವಂತೆ ಪಂಪಿಗೆ ಒದ್ದೆ ಬಟ್ಟೆ ಸುತ್ತಿದ.

"ಬಿಸಿಗೆ ಪಂಪು ಸೋಲ್ತಿದೆ ಅಮ್ಮಾ. ವಯಸ್ಸಾಯ್ತು."

"ವಯಸ್ಸು ನನಗೂ ಆಗಿದೆ. ನಾನೇನು ಅರ್ಧ ಅಡುಗೇಲಿ ನಿಂತ್ಕೋತೀನಾ?"

ನನಗೆ ತಿಳಿದ ರಿಪೇರಿ ಒಂದೇ. ಪಂಪಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದೆ.

"ಏನಪ್ಪಾ ಮಾಡ್ತಿದ್ದೀಯ?" ಎಂದರು ಅತ್ತಿಗೆ.

"ದೇವರಲ್ಲಿ ಬೇಡಿಕೊಳ್ತಿದ್ದೀನಿ."

"ನಿಮ್ಮಣ್ಣನ ಎದೆ ರಿಪೇರಿ ಮಾಡೋಕಾಗ್ಲಿಲ್ಲ ಅವನಿಗೆ. ಇನ್ನು ಡೀಸೆಲ್ ಪಂಪು ಮಾಡ್ತಾನಾ? ಕೈ ತೆಗಿ, ಸುಟ್ಕೋತೀಯ."

ಕೈ ತೆಗೆದೆ. ಬೇಡಿಕೆಯನ್ನು ಮಾತ್ರ ಹಿಂದಕ್ಕೆ ಪಡೆಯಲಿಲ್ಲ.

ಅತ್ತಿಗೆ ಹತ್ತಿ ಕೂತರು. ಟ್ರ್ಯಾಕ್ಟರು ಜೋರಾಗಿ ಹೊರಟಿತು. ಅರ್ಧ ಹೊಲದವರೆಗೆ ಸಾಲು ನೆಟ್ಟಗೆ ಬಿತ್ತು. ಅಷ್ಟರಲ್ಲಿ ಕೆಮ್ಮು ಬಂತು; ಒಂದು, ಎರಡು, ನಿಂತಿತು. ಅಳಿಯ ಗೇಟಿನ ಕಡೆ ತಿರುಗಿ ಲಾರಿಗೆ ಕೈ ಮಾಡಿದ.

"ಸಂಜೆ ಇನ್ನೂ ಆಗಿಲ್ಲ ಕಣೋ! ಹೆಣ ಎತ್ತೋಕೆ ಏನವಸರ?" ಎಂದು ಅತ್ತಿಗೆ ಕೂಗಿ, ಡೀಸೆಲ್ ಆದರೂ ಇದೆಯೋ ಎಂದು ನೋಡಲು ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. ಅದು ಒಮ್ಮೆಗೆ ಬರಲಿಲ್ಲ. ಬಂದಾಗ ಸುಂಯ್ ಎಂದು ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು.

ಮೆಕ್ಯಾನಿಕ್ ಓಡಿ ಬಂದು ಮುಚ್ಚಳ ಕಿತ್ತುಕೊಂಡು ಮಗುಚಿ ನೋಡಿದ. "ಗಾಳಿ ಹೋಗೋಕೆ ಇಲ್ಲೊಂದು ತೂತಿರ್ಬೇಕಲ್ಲ ಅಮ್ಮಾ? ಇದೇನಿದು, ಒಳಗೆ ರಬ್ಬರು?"

"ಗುಂಡಿಗೆ ಬಿದ್ದಾಗೆಲ್ಲ ಡೀಸೆಲ್ ಸೀರೆ ಮೇಲೆ ಚೆಲ್ತಿತ್ತು. ಅದಕ್ಕೇ ಬಿಗಿಯಾಗಿ ಕೂರಿಸಿದೆ." ಅತ್ತಿಗೆ ರಬ್ಬರನ್ನು ಬೆರಳಿನಿಂದ ಒರೆಸಿದರು. "ಅವರ ಚಪ್ಪಲಿ ಅಟ್ಟೆ ಅದು. ಎಸೆಯೋಕೆ ಮನಸ್ಸು ಬರ್ಲಿಲ್ಲ."

"ಬಿಸಿಗೂ ಇದಕ್ಕೂ ಸಂಬಂಧವೇ ಇಲ್ಲಮ್ಮಾ! ಮೇಲಿಂದ ಗಾಳಿ ಹೋಗ್ದಿದ್ರೆ ಕೆಳಗೆ ಡೀಸೆಲ್ ಇಳಿಯಲ್ಲ. ಸುಮ್ನೆ ಬಿಟ್ಟಾಗ ಸಂದೀಲಿ ಒಂಚೂರು ಗಾಳಿ ನುಸುಳತ್ತೆ, ಮತ್ತೆ ಏಳತ್ತೆ. ನಾವು ತಣ್ಣಗಾಯ್ತು ಅಂದ್ಕೊಂಡ್ವಿ." ಅವನು ನಗು ತಡೆಯಲಾರದೆ ಹೇಳಿಯೇಬಿಟ್ಟ: "ಯಜಮಾನ್ರು ಹೋದ್ಮೇಲೂ ಚಪ್ಪಲಿ ಕಾಲಲ್ಲಿ ಇದರ ಕತ್ತು ತುಳೀತಿದ್ರು!"

ಸುಮ್ಮನಿರೆಂದು ನಾನು ಅವನಿಗೆ ಕಣ್ಸನ್ನೆ ಮಾಡಿದೆ. ಆದರೆ ಮೊದಲು ನಕ್ಕವರು ಅತ್ತಿಗೆ. ಹೊಟ್ಟೆ ಹಿಡಿದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಿಲ್ಲಿಸಲಾರದೆ ನಕ್ಕರು. ಕಣ್ಣಲ್ಲಿ ಬಂದದ್ದೆಲ್ಲ ನಗೆಯದೇ ಎಂದು ನಾನು ಹೇಳಲಾರೆ.

"ತೆಗೆದು ಎಸೀತೀನಿ, ಹೊಸ ವಾಷರ್ ಹಾಕೋಣ," ಎಂದ ಮೆಕ್ಯಾನಿಕ್.

"ಎಸೀಬೇಡ. ನಡುವೆ ಒಂದು ತೂತು ಹೊಡಿ. ಬದುಕಿದ್ದಾಗಲೂ ಅವರಿಗೆ ಚುಚ್ಚಿ ಹೇಳಿದ್ರೇನೇ ತಲೆಗೆ ಹೋಗ್ತಿದ್ದಿದ್ದು."

ಮೊಳೆಯಿಂದ ತೂತಾಯಿತು. ನಾನು ಬೇಡಿಕೊಂಡದ್ದು ಪಂಪಿಗೆ. ಭಗವಂತ ನೋಡಿದ್ದು ಮುಚ್ಚಳ. ಅವನ ಕೆಲಸದ ರೀತಿಯೇ ಹಾಗೆ, ಹೇಳಿದ ಜಾಗಕ್ಕೆ ಕೈ ಹಾಕುವುದಿಲ್ಲ.

ಅತ್ತಿಗೆ ಹೊಲವನ್ನು ಮೊದಲ ಸಾಲಿನಿಂದ ಮತ್ತೆ ಉತ್ತರು. ಕೊನೆಯ ಸಾಲು ಮುಗಿಸಿ ಶೆಡ್ಡಿನ ಮುಂದೆ ಬಂದಾಗ ಬಾನೆಟ್ಟು ಕಾದ ಹೆಂಚಾಗಿತ್ತು. ಇಂಜಿನ್ನು ಮಾತ್ರ ಗುಡುಗುಡು ಎನ್ನುತ್ತಲೇ ಇತ್ತು. ಗುಜರಿಯವನು ಗೊಣಗುತ್ತ ಲಾರಿ ತಿರುಗಿಸಿಕೊಂಡು ಹೋದ.

"ಗೆದ್ರಲ್ಲ ಅತ್ತೆ, ಇನ್ನಾದ್ರೂ ನಿಲ್ಸಿ," ಎಂದು ಅಳಿಯ ಕಿವಿ ಮುಚ್ಚಿಕೊಂಡ.

ಅತ್ತಿಗೆ ಸ್ಟಿಯರಿಂಗಿನ ಸುತ್ತ ಇದ್ದ ಸ್ವಿಚ್ಚು, ಹಿಡಿಗಳನ್ನೆಲ್ಲ ಒಂದೊಂದಾಗಿ ನೋಡಿದರು. "ನಿಲ್ಸೋದು ಹೇಗೆ?"

ನಾವೆಲ್ಲ ಅವರ ಕಡೆ ತಿರುಗಿದೆವು.

"ನನ್ನ ಮುಖ ಏನು ನೋಡ್ತೀರಿ? ಇಷ್ಟು ದಿನ ಅದೇ ನಿಲ್ತಿತ್ತು. ಹೇಳಿಕೊಡ್ಬೇಕಾದವರು ಎದ್ದು ಹೋದ್ರು."

ಮೆಕ್ಯಾನಿಕ್ ನಗುತ್ತ ಇಂಜಿನ್ನು ನಿಲ್ಲಿಸಲು ಕೈ ಚಾಚಿದ. ಅತ್ತಿಗೆ ಅವನ ಕೈಗೆ ಪಟ್ಟೆಂದು ಹೊಡೆದರು.

"ಇರೋ. ಒಂಚೂರು ಹೊತ್ತು ಓಡ್ಲಿ."