ಗಂಜಿ ಕರಗುವ ಮೊದಲು

ಗಂಜಿಯ ವಿಷಯ ಶಹಜಾದಿ ಬೀಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಣಿಕನಗರದ ಅರ್ಧ ಊರಿನ ಧೋತರ, ರುಮಾಲುಗಳನ್ನು ಒಗೆದು ಗಂಜಿ ಹಾಕುತ್ತಿದ್ದವಳು ಅವಳೇ. ಅದು ೧೯೮೪ನೇ ಇಸವಿ. ಹಳ್ಳಿಖೇಡದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಅವಳ ಕಿರಿಮಗ ಬಂದೇನವಾಜನ ತೊಡೆ ಸೀಳಿತ್ತು. ಹುಮನಾಬಾದಿನ ದವಾಖಾನೆಯಲ್ಲಿ ಡಾಕ್ಟರು ಗಾಯ ಹೊಲಿದರು. ಆದರೆ ಹೋದ ರಕ್ತ ಬಹಳ. ಹೊಂದುವ ರಕ್ತ ಬೀದರಿನಿಂದ ಬರಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡಲು ಒಂದು ಬಾಟಲಿ ಏರಿಸಿದ್ದರು.

ಅದರಲ್ಲಿ ಏನಿದೆ ಎಂದು ಮುದುಕಿ ಕೇಳಿದಳು. ಜೋಳದ ಗಂಜಿಯಂಥದ್ದನ್ನೇ ಶುದ್ಧ ಮಾಡಿ, ರಕ್ತಕ್ಕೆ ಒಗ್ಗುವಂತೆ ತಯಾರಿಸಿದ್ದು ಎಂದಳು ನರ್ಸ್ ಸುಮನಬಾಯಿ. ಶಹಜಾದಿ ಬೀ ಥಟ್ಟನೆ ಬಾಟಲಿಯ ನಳಿಗೆ ಕೈ ಹಾಕಿದಳು.

“ತಗೀರಿ ಬಾಯಿ ಇದನ್ನ. ಗಂಜಿ ಹಾಕಿದ ಧೋತರ ಹ್ಯಾಂಗ ಸೆಟೀತದ ನಾ ಬಲ್ಲೆ. ನನ್ನ ಮಗನ ನರಾನೂ ಹಂಗೇ ಸೆಟೆದ್ರ?”

ಸುಮನಬಾಯಿ ಗದರಲಿಲ್ಲ. ತನ್ನ ಬುತ್ತಿಯಿಂದ ಜೋಳದ ರೊಟ್ಟಿಯ ಚೂರೊಂದನ್ನು ಮುರಿದು ಕೊಟ್ಟು, ನುಂಗದೆ ಅಗಿಯುತ್ತಲೇ ಇರಿ ಎಂದಳು. ಅಗಿದು ಅಗಿದು ಮುದುಕಿಯ ಮುಖ ಬದಲಾಯಿತು. ಬರೀ ರೊಟ್ಟಿ ಸಿಹಿಯಾಗಿತ್ತು.

“ನೋಡ್ರಿ ಖಾಲಾ, ಬಾಯಾಗಿನ ರಸ ಹಿಟ್ಟನ್ನ ಒಡದು ಸಿಹಿ ಮಾಡ್ತದ. ಅಂಥಾದ್ದೇ ರಸ ರಕ್ತದಾಗೂ ಅದ. ಈ ಗಂಜಿ ನರದಾಗ ನೀರು ಹಿಡಿದಿಡ್ತದ. ಆ ರಸ ಇದನ್ನ ತುಂಡು ತುಂಡು ಮಾಡಾಕತ್ತದ. ಸಣ್ಣ ತುಂಡು ಮೂತ್ರಪಿಂಡ ಸೋಸಿ ಹೊರಗ ಹಾಕ್ತದ.”

ಎಲ್ಲವೂ ಒಂದೇ ದಿನಕ್ಕೆ ಹೋಗುವುದಿಲ್ಲ, ದೊಡ್ಡ ತುಂಡುಗಳು ಕೆಲವು ವಾರಗಟ್ಟಲೆ ಒಳಗೇ ಉಳಿದು ನಿಧಾನವಾಗಿ ಸವೆಯುತ್ತವೆ ಎಂಬುದನ್ನೂ ಅವಳು ಮುಚ್ಚಿಡಲಿಲ್ಲ. ಹುಡುಗನಿಗೆ ಮೂತ್ರಪಿಂಡದ ಕಾಯಿಲೆ ಇತ್ತೇ ಎಂದು ಮೊದಲೇ ಕೇಳಿದ್ದು ಅದಕ್ಕೇ. ಮೂತ್ರವನ್ನು ಚೆಲ್ಲದೆ ಅಳೆಯುವುದೂ ಅದಕ್ಕೇ.

ತಾಸಿನೊಳಗೆ ಮೂತ್ರ ಬಂತು. ಅಳತೆಯ ಗಾಜನ್ನು ನೋಡುತ್ತ ಶಹಜಾದಿ ಬೀ ಕಣ್ಣು ತುಂಬಿಕೊಂಡಳು. ನಲವತ್ತು ವರ್ಷ ತಾನು ಕಲ್ಲಿಗೆ ಬಡಿದು ಬಿಡಿಸಿದಂಥ ಗಂಜಿಯನ್ನು ಮಗನ ಮೈ ಸದ್ದಿಲ್ಲದೆ ಒಗೆಯುತ್ತಿತ್ತು. “ಯಾ ಅಲ್ಲಾ, ಎಂಥಾ ಕಾರೀಗರಿ” ಎಂದು ಮೆಲ್ಲಗೆ ಅಂದಳು.

ಅಷ್ಟರಲ್ಲಿ ಬೀದರಿಗೆ ಹೊರಡುವ ಜೀಪು ಬಂತು. ಅಲ್ಲಿ ರಕ್ತ ಕೊಟ್ಟು ತಮ್ಮನಿಗೆ ಹೊಂದುವ ಬಾಟಲಿ ತರಬೇಕಾಗಿದ್ದ ಹಿರಿಮಗ ಕಾಸಿಂ ಬಾಗಿಲಲ್ಲೇ ಮೀನಮೇಷ ಎಣಿಸತೊಡಗಿದ. ತಮ್ಮ ಕಣ್ಣು ಬಿಟ್ಟಿದ್ದಾನೆ, ಬಾಟಲಿ ಏರುತ್ತಲೇ ಇದೆ, ಇನ್ನು ತನ್ನ ರಕ್ತ ಯಾಕೆ ಎಂಬುದು ಅವನ ವಾದ.

“ಗಂಜಿ ಬಟ್ಟಿಗಿ ಬಿಗಿ ಕೊಡ್ತದ, ಹರಿದದ್ದು ಹೊಲಿಯಂಗಿಲ್ಲ” ಎಂದಳು ತಾಯಿ. “ಅದು ಕರಗಾಕತ್ತದ. ಕರಗೂದ್ರಾಗ ರಕ್ತ ಬರಬೇಕು. ಹೋಗು.”

ಕಾಸಿಂ ಹೋದ. ಸಂಜೆಯ ಹೊತ್ತಿಗೆ ತೋಳಿಗೆ ಹತ್ತಿ ಒತ್ತಿಕೊಂಡು, ರಕ್ತದ ಬಾಟಲಿ ಹಿಡಿದು ಬಂದ. ಬಂದೇನವಾಜ ಬದುಕಿ ಉಳಿದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರಿಗೆ ಇಂಥ ಬಾಟಲಿ ಏರಿಸಿದಾಗ ನಳಿ ಕೀಳಬೇಡಿ, ಸಂಶಯವಿದ್ದರೆ ಕೇಳಿ. ಮೂತ್ರಪಿಂಡದ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಮೈಯೊಳಗಿನ ಅಗಸ ತನ್ನ ಕೆಲಸ ಶುರು ಮಾಡಿಯೇ ಇರುತ್ತಾನೆ. ಅವನು ಗಂಜಿ ಒಗೆದು ಮುಗಿಸುವ ಮೊದಲು ನೀವು ರಕ್ತ ಕೊಟ್ಟು ಬನ್ನಿ.