ಹಿತ್ತಲಿನ ಒರಳು

ನೆನೆದ ಉದ್ದಿನ ಬಕೆಟ್ ಹಿಡಿದು ವೆಂಕಟಲಕ್ಷ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತಾಗ ರಾಧಾಮಣಿ ಕೂತಲ್ಲಿಂದ ಏಳಲಿಲ್ಲ. ಮನೆ ಪಾಲಾದ ಮೇಲೆ ವಾರಗಿತ್ತಿ ಈ ಕಡೆ ಕಾಲಿಟ್ಟದ್ದು ಇದೇ ಮೊದಲು.

ಕೇಬಲ್ ಸುಟ್ಟು ನಿನ್ನೆಯಿಂದ ಸಿಂಗಾಪುರ ಬಡಾವಣೆಗೆಲ್ಲ ಕರೆಂಟಿರಲಿಲ್ಲ. ದೋಸೆ ಹಿಟ್ಟು ಮಾರಿಯೇ ಮನೆ ಮೇಲೆ ಮಹಡಿ ಎಬ್ಬಿಸಿದ ವೆಂಕಟಲಕ್ಷ್ಮಮ್ಮನ ಗ್ರೈಂಡರುಗಳು ಸುಮ್ಮನೆ ಕೂತಿದ್ದವು. ಬಾಡಿಗೆ ಜನರೇಟರುಗಳನ್ನೆಲ್ಲ ಅಪಾರ್ಟ್‌ಮೆಂಟಿನವರು ಹೊತ್ತೊಯ್ದಿದ್ದರು. ಕೆಲಸದವರನ್ನು ಮನೆಗೆ ಕಳಿಸಿಬಿಟ್ಟಿದ್ದಳಂತೆ. ಇವತ್ತು ಕರೆಂಟು ಬಂದೇ ಬರುತ್ತದೆಂದು ನಂಬಿ ಬೆಳಿಗ್ಗೆ ಉದ್ದು ನೆನೆಹಾಕಿದ್ದಳಂತೆ. ನಾಳೆ ನಿಶ್ಚಿತಾರ್ಥದ ಮನೆಗೆ ಹಿಟ್ಟು ಕೊಡದಿದ್ದರೆ ಮಾನ ಉಳಿಯುವುದಿಲ್ಲವಂತೆ. ಅತ್ತೆಯ ಕಾಲದಿಂದ ನೆಲದಲ್ಲಿ ಹೂತಿದ್ದ ಒರಳುಕಲ್ಲು ರಾಧಾಮಣಿಯ ಪಾಲಿಗೆ ಬಂದಿತ್ತು. ಅದಕ್ಕೆ ಯಾವ ಕರೆಂಟೂ ಬೇಕಿರಲಿಲ್ಲ.

"ಒಸಿ ರುಬ್ಕೊಡೆ ರಾಧಾ. ನಿನ್ ಕೈಗೆ ಆ ಕಲ್ಲು ಪಳಗೈತೆ."

ಪಳಗದೆ ಏನು? ಹಿಂದೆ ಕರೆಂಟು ಹೋದಾಗಲೆಲ್ಲ ರುಬ್ಬಿದ್ದು ರಾಧಾಮಣಿಯೇ. ಏಳು ತಿಂಗಳ ಬಸುರಿಯನ್ನು ಇದೇ ಕಲ್ಲಿನ ಮುಂದೆ ಕೂರಿಸಿ, ಸೊಂಟ ನೋಯುತ್ತದೆ ಎಂದರೆ "ನಾವೇನ್ ಹೆತ್ತಿಲ್ವಾ" ಎಂದು ನಕ್ಕವಳು ಈ ವಾರಗಿತ್ತಿ. ಆ ವಾರವೇ ಮಗು ಹೊಟ್ಟೆಯಲ್ಲೇ ಹೋಯಿತು. ಡಾಕ್ಟರು ಬೇರೇನೋ ಕಾರಣ ಹೇಳಿದರು. ರಾಧಾಮಣಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇವಳು ಒಂದು ದಿನ ಆ ಕಲ್ಲಿನ ಮುಂದೆ ಕೂರಬೇಕು, ತಾನು ನೋಡಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು.

"ನನ್ ಕೈಲಾಗಲ್ಲ ಅಕ್ಕ. ಕಲ್ಲು ಅಲ್ಲೇ ಐತೆ, ನೀನೇ ರುಬ್ಕೊ."

ವೆಂಕಟಲಕ್ಷ್ಮಮ್ಮ ಬೇರೆ ದಾರಿ ಕಾಣದೆ ಬಳೆ ತೆಗೆದಿಟ್ಟು ಕೂತಳು. ಮೊದಲ ಒಬ್ಬೆ ಮುಗಿಯುವಷ್ಟರಲ್ಲಿ ಅಂಗೈ ಕೆಂಪಾಯಿತು. ಎರಡನೆಯದಕ್ಕೆ ಸೊಂಟ ಹಿಡಿದುಕೊಂಡು ಮುಲುಗಿದಳು. ರಾಧಾಮಣಿ ಜಗಲಿಯ ಮೇಲೆ ಕಾಲು ಚಾಚಿ ಬೀಸಣಿಗೆ ಆಡಿಸುತ್ತ ನೋಡಿದಳು. ಹಿತವೆನಿಸಿತು. ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದರೆ ಫ್ಯಾನು ತಿರುಗುತ್ತಿತ್ತು. ಫ್ರಿಜ್ಜು ಗುಂಯ್ಗುಡುತ್ತಿತ್ತು. ಹೊರಗೆ ಕಲ್ಲಿನ ಗುಡುಗುಡು ಸದ್ದಿನಲ್ಲಿ ಅದೊಂದೂ ಕೇಳುವಂತಿರಲಿಲ್ಲ. ಅವಳು ಒಂದು ಗಳಿಗೆ ಫ್ಯಾನನ್ನೇ ನೋಡುತ್ತ ನಿಂತಳು. ಆಮೇಲೆ ಮೀಟರಿನ ಹತ್ತಿರ ಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದು ಹಿತ್ತಲಿಗೆ ಬಂದಳು.

ವೆಂಕಟಲಕ್ಷ್ಮಮ್ಮ ಕೈ ನಿಲ್ಲಿಸಿ, ಸೆರಗಿನಿಂದ ಕತ್ತು ಒರೆಸಿಕೊಂಡು ತಲೆಯೆತ್ತಿದಳು. "ಕರೆಂಟ್ ಏನಾದ್ರೂ ಬಂತೇನೆ?"

"ಇನ್ನೂ ಇಲ್ಲ ಅಕ್ಕ."

ರಾಧಾಮಣಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬೊಗಸೆ ತುಂಬ ಉದ್ದು ತೆಗೆದು ತಾನೇ ಒರಳಿಗೆ ಸುರಿದಳು.