ಒಂದು ಕಾಲಿಗೆ ಇಬ್ಬರು ಯಜಮಾನರು

ನನ್ನ ಬಲಗಾಲಿನ ಬಗ್ಗೆ ಮಾತಾಡುವ ಹಕ್ಕು ನಮ್ಮ ಮನೆಯಲ್ಲಿ ನನ್ನೊಬ್ಬಳನ್ನು ಬಿಟ್ಟು ಮಿಕ್ಕೆಲ್ಲರಿಗೂ ಇದೆ. ಅಪ್ಪನಿಗೆ ಇದೆ, ಯಾಕೆಂದರೆ ಆ ಕಾಲಿಗೆ ಕಾರು ಓಡಿಸಲು ಕಲಿಸಿದವನು ಅವನು. ಗಂಡನಿಗೆ ಇದೆ, ಯಾಕೆಂದರೆ ಅದು ಮುರಿದಾಗ ನನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ಅವನು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುತ್ತಾರೆ, ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾರೆ, ಮಾವ ಅಳಿಯ ಅಂತ ಕರೆದುಕೊಳ್ಳುತ್ತಾರೆ. ಆದರೆ ಒಬ್ಬರನ್ನು ಕಂಡರೆ ಒಬ್ಬರಿಗೆ ಎಣ್ಣೆ ಸೀಗೆಕಾಯಿ.

ಕಾಲು ಮುರಿದದ್ದು ರೇಸಿನಲ್ಲಲ್ಲ. ಹಾಗಾಗಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಘನತೆ ಇರುತ್ತಿತ್ತು. ನಮ್ಮದೇ ಶೆಡ್ಡಿನ ನೆಲದ ಮೇಲೆ ಚೆಲ್ಲಿದ್ದ ಗೇರ್ ಆಯಿಲ್ ತುಳಿದು ಜಾರಿದೆ. ಕಾರು ಎತ್ತುವ ಲಿಫ್ಟಿನ ಬುಡಕ್ಕೆ ಪಾದ ಸಿಕ್ಕಿಕೊಂಡು ತಿರುಚಿತು. ಆಯಿಲ್ ಚೆಲ್ಲಿದ್ದು ಅಳಿಯ ಎಂದು ಅಪ್ಪ, ಮಾವ ಎಂದು ಗಂಡ. ನಾನು ನೆಲದ ಮೇಲೆ ಬಿದ್ದು ಅರಚಿಕೊಳ್ಳುತ್ತಿರುವಾಗಲೇ ಈ ಜಗಳ ಶುರುವಾಗಿತ್ತು. ಪಾದದ ಕೀಲಿಗೆ ತಗಡು ಇಟ್ಟು ಸ್ಕ್ರೂ ಬಿಗಿದು ನನ್ನನ್ನು ಮನೆಗೆ ಕಳಿಸಿದ ಮೇಲೂ ಅದು ಮುಗಿದಿರಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಒಂದು ಬಟ್ಟೆ ತಗೊಂಡು ಆ ನೆಲ ಒರೆಸಿದ್ದರೆ ನನ್ನ ಕಾಲು ಉಳಿಯುತ್ತಿತ್ತು.

ನಾನು ಹೊಟ್ಟೆ ಹೊರೆಯುವುದು ಕಾರು ಓಡಿಸಿ. ರೇಸಿನ ಕಾರು. ನಮ್ಮ ತಂಡದಲ್ಲಿ ಕಾರು ಓಡಿಸುವವರಿಗೆ ಇರುವುದು ಒಂದೇ ಸೀಟು, ಅದು ನನ್ನದಾಗಿತ್ತು. ಕಾಲು ವಾಸಿಯಾಗಿ ವಾಪಸು ಹೋದಾಗ ತಂಡದ ಮ್ಯಾನೇಜರಮ್ಮ ಸುತ್ತಿ ಬಳಸದೆ ಹೇಳಿದಳು: "ನೋಡು, ಅಯ್ಯೋ ಪಾಪ ಅಂತ ನಾನು ಯಾರಿಗೂ ಸೀಟು ಕೊಡಲ್ಲ. ಭಾನುವಾರ ಟ್ರ್ಯಾಕಿಗೆ ಬಂದು ಹಳೇ ಟೈಮ್ ಹೊಡೆದು ತೋರಿಸು. ಆಗ್ಲಿಲ್ವಾ, ಇನ್ನೊಬ್ಬಳು ಹುಡುಗಿ ಕಾಯ್ತಾ ಇದ್ದಾಳೆ." ಸರಿ ಅಂದೆ. ಇನ್ನೇನು ಅನ್ನಲಿ?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮದು ಗೇರನ್ನು ಕೈಯಲ್ಲೇ ಹಾಕುವ ಕಾರು. ಜೋರಾಗಿ ಬಂದು ತಿರುವಿಗೆ ಮುಂಚೆ ಬ್ರೇಕ್ ಒತ್ತಿ ಗೇರ್ ಇಳಿಸುವಾಗ, ಇಂಜಿನ್ನಿನ ವೇಗವನ್ನು ಆ ಕೆಳಗಿನ ಗೇರಿಗೆ ಹೊಂದುವಷ್ಟು ಏರಿಸಬೇಕು. ಏರಿಸದಿದ್ದರೆ ಕಾರು ಮುಗ್ಗರಿಸುತ್ತದೆ, ಹಿಂದಿನ ಚಕ್ರ ಜಾರುತ್ತದೆ. ಎಡಗಾಲು ಕ್ಲಚ್ಚಿನ ಮೇಲೆ ಇರುವುದರಿಂದ ಉಳಿದ ಎರಡು ಕೆಲಸವನ್ನೂ ಬಲಗಾಲೇ ಮಾಡಬೇಕು: ಮುಂಗಾಲಿನಲ್ಲಿ ಬ್ರೇಕ್ ಒತ್ತಿಕೊಂಡೇ ಪಾದ ಹೊರಳಿಸಿ ಅದರ ಅಂಚಿನಿಂದ ಆಕ್ಸಿಲರೇಟರ್ ಮೇಲೆ ಒಂದು ತಟ್ಟು. ಈ ಹೊರಳಿಸುವುದನ್ನು ಅಪ್ಪ ನನಗೆ ಕಲಿಸಿದ್ದು, ನಾನು ಇನ್ನೂ ಲೈಸೆನ್ಸ್ ವಯಸ್ಸಿಗೆ ಬರುವ ಮೊದಲೇ, ನಿಂತ ಕಾರಿನಲ್ಲಿ ಕೂರಿಸಿಕೊಂಡು. ನನ್ನ ತಟ್ಟು ಕೇಳಿದರೆ ಟ್ರ್ಯಾಕಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತವರೂ ಬಂದದ್ದು ಇವಳೇ ಅನ್ನುತ್ತಿದ್ದರು. ಜಂಬ ಅಂದುಕೊಳ್ಳಿ, ನನಗೇನು.

ಈಗ ಹೊರಳಿಸಿದರೆ ನೋವು ಮಂಡಿಯವರೆಗೆ ಹತ್ತುತ್ತದೆ.

"ಪೆಡಲ್ ಹತ್ತಿರ ತಂದ್ರೆ ಆಯ್ತು," ಎಂದ ಅಪ್ಪ ಊಟದ ಮೇಜಿನಲ್ಲಿ. "ಆಕ್ಸಿಲರೇಟರ್ ಮೇಲೆ ಒಂದು ಅಗಲವಾದ ಅಲ್ಯೂಮಿನಿಯಂ ಪ್ಲೇಟು. ಅಡಿಗೆ ವಾಷರ್ ಕೊಟ್ಟು ಎತ್ತರ ಮಾಡ್ತೀನಿ. ಚೂರು ಹೊರಳಿಸಿದ್ರೆ ಸಾಕು, ಸಿಗತ್ತೆ."

"ಈ ಕಾಲದಲ್ಲಿ ಯಾರು ಮಾವ ಪ್ಲೇಟು ಗೀಟು ಹಾಕ್ತಾರೆ?" ಎಂದ ಗಂಡ. "ಒಂದು ಡಬ್ಬಿ ಬರತ್ತೆ. ಬ್ರೇಕ್ ಒತ್ತಿ ಕ್ಲಚ್ ತುಳಿದ್ರೆ ಸಾಕು, ಇಂಜಿನ್ನನ್ನ ಅದೇ ಏರಿಸತ್ತೆ. ಕಾಲು ಅಲ್ಲಾಡಿಸೋದೇ ಬೇಡ."

"ಅಳಿಯಂದ್ರೇ, ಡಬ್ಬಿ ಓಡ್ಸೋದಾದ್ರೆ ನನ್ನ ಮಗಳು ಯಾಕೆ? ಸೀಟಿನ ಮೇಲೆ ಒಂದು ಮೂಟೆ ಕೂರಿಸಿ."

"ನಿಮ್ಮ ಹಟಕ್ಕೆ ಅವಳ ಕಾಲು ಇನ್ನೊಂದು ಸಲ ಮುರೀಬೇಕಾ?"

"ಮೊದಲನೇ ಸಲ ಮುರಿದಿದ್ದು ಯಾರ ಆಯಿಲಿಂದ?"

ಅಲ್ಲಿಗೆ ಬಂತು. ಯಾವಾಗಲೂ ಅಲ್ಲಿಗೇ ಬರುತ್ತದೆ. ನಾನು ತಟ್ಟೆ ಪಕ್ಕಕ್ಕೆ ತಳ್ಳಿದೆ. "ಇಬ್ಬರೂ ಬಾಯಿ ಮುಚ್ಚಿ. ಶನಿವಾರ ಪ್ರಾಕ್ಟೀಸ್ ಇದೆ. ಕಾರು ಹೇಗಿದೆಯೋ ಹಾಗೇ ಓಡಿಸಿ ನೋಡ್ತೀನಿ. ಅಲ್ಲಿವರೆಗೂ ಯಾರೂ ಅದರ ತಂಟೆಗೆ ಹೋಗ್ಬೇಡಿ." ಇಬ್ಬರೂ ತಲೆಯಾಡಿಸಿದರು. ಇಬ್ಬರ ಮುಖದಲ್ಲೂ ಎಂಥ ವಿಧೇಯತೆ ಅಂತೀರಿ! ಆಗಲೇ ನನಗೆ ಅನುಮಾನ ಬರಬೇಕಿತ್ತು.

ಮರುದಿನ ನಾನು ಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋದಾಗ ಅಪ್ಪ ತನ್ನ ಕೆಲಸ ಮುಗಿಸಿದ. ಆಕ್ಸಿಲರೇಟರ್ ಮೇಲೆ ಮೊದಲಿಂದಲೂ ಇದ್ದ ಹಳೇ ಪ್ಲೇಟಿನ ಹಾಗೇ ಕಾಣುವ, ಆದರೆ ಅಗಲವಾದ ಇನ್ನೊಂದು ಮಾಡಿ, ಅಡಿಗೆ ವಾಷರ್ ಕೊಟ್ಟು ಎತ್ತರಿಸಿದ. ಅಳತೆಗೆ ನಾನು ಬೇಕಾಗಲಿಲ್ಲ. ನನ್ನ ಪಾದ ಅಪ್ಪನ ಪಾದದ ಅಚ್ಚು. ಮೊದಲಿಂದಲೂ ನನ್ನ ಕಾರಿನ ಪೆಡಲ್ ಹೊಂದಿಸುವುದು ಅವನೇ ಸೀಟಿನಲ್ಲಿ ಕೂತು. ಶೆಡ್ಡಿನೊಳಗೆ ಇಂಜಿನ್ ಚಾಲೂ ಮಾಡಿದರೆ ಹೊಗೆ ಅಂತ ಅವನದೊಂದು ಕಟ್ಟಳೆ, ಹಾಗಾಗಿ ಇಂಜಿನ್ ಆಫ್ ಇಟ್ಟುಕೊಂಡೇ ಬ್ರೇಕ್ ಒತ್ತಿ ನೋಡಿದ್ದಾನೆ. ಇಂಜಿನ್ ನಿಂತಾಗ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕೆಳಗಿಳಿಯುವುದೇ ಇಲ್ಲ. ಇಂಜಿನ್ ಓಡುತ್ತಿರುವಾಗ ಅದೇ ಒತ್ತಡಕ್ಕೆ ಅದು ಎಷ್ಟೋ ಕೆಳಕ್ಕೆ ಹೋಗುತ್ತದೆ. ಹಳೇ ಪ್ಲೇಟು ತಗ್ಗಿನಲ್ಲಿದ್ದುದರಿಂದ ಇಷ್ಟು ವರ್ಷ ಅದು ಲೆಕ್ಕಕ್ಕೆ ಬಂದಿರಲಿಲ್ಲ. ಈ ಸಲ ಬಂತು.

ಅಪ್ಪ ಮನೆಗೆ ಹೋದ ಮೇಲೆ ನನ್ನ ಗಂಡ ಮಹಾಶಯ ಡ್ಯಾಶ್‌ಬೋರ್ಡಿನ ಅಡಿಗೆ ನುಗ್ಗಿ ತನ್ನ ಡಬ್ಬಿ ಕೂರಿಸಿದ. ಅದಕ್ಕೂ ನಾನು ಬೇಕಾಗಲಿಲ್ಲ. ನಾನು ಹಿಂದೆ ಗೆದ್ದ ರೇಸಿನ ರೆಕಾರ್ಡು ಅವನ ಲ್ಯಾಪ್‌ಟಾಪಿನಲ್ಲಿತ್ತು. ಆಗ ನನ್ನ ಕಾಲು ಎಷ್ಟು ಚುರುಕಾಗಿ ಗೇರ್ ಇಳಿಸುತ್ತಿತ್ತೋ ಅದಕ್ಕೇ ಡಬ್ಬಿಯನ್ನು ಹೊಂದಿಸಿದ.

ಒಬ್ಬ ತನ್ನ ಕಾಲಿಗೆ ಅಳೆದ, ಇನ್ನೊಬ್ಬ ನನ್ನ ಸತ್ತ ಕಾಲಿಗೆ. ನನ್ನ ಮೈಗೆ ಅಂಟಿಕೊಂಡಿರುವ ಈ ಕಾಲನ್ನು ಯಾರೂ ಕೇಳಲಿಲ್ಲ.

ಶನಿವಾರ ಬೆಳಗ್ಗೆ ಟ್ರ್ಯಾಕಿಗೆ ಇಳಿದಾಗ ಆಕ್ಸಿಲರೇಟರ್ ಯಾಕೋ ಹತ್ತಿರ ಬಂದಂತೆ ಅನಿಸಿತು. ತುಂಬ ದಿನದ ಮೇಲೆ ಕೂತಿದ್ದೇನೆ, ನನ್ನ ಕಾಲೇ ಸರಿಯಿಲ್ಲ ಅಂದುಕೊಂಡೆ. ನಿಧಾನಕ್ಕೆ ಒಂದು ಸುತ್ತು ಹಾಕಿದೆ. ಮುಂದಿನ ಸುತ್ತಿನಲ್ಲಿ, ಉದ್ದನೆಯ ನೇರ ದಾರಿಯ ಕೊನೆಯ ತಿರುವಿಗೆ ಬಂದು ಪೂರ್ತಿ ಜೋರಿನಲ್ಲಿ ಬ್ರೇಕ್ ಒತ್ತಿದೆ. ಬ್ರೇಕ್ ಕೆಳಗೆ ಹೋಯಿತು. ಎತ್ತರದಲ್ಲೇ ಉಳಿದ ಅಪ್ಪನ ಪ್ಲೇಟು, ನಾನು ಹೊರಳಿಸದಿದ್ದರೂ, ನನ್ನ ಪಾದದ ಅಂಚಿಗೆ ಸಿಕ್ಕಿತು. ಕ್ಲಚ್ ತುಳಿದೆ, ಗಂಡನ ಡಬ್ಬಿ ತನ್ನ ಪಾಲಿನದನ್ನೂ ಸೇರಿಸಿತು. ಇಂಜಿನ್ ಕಿರುಚಿತು. ಕ್ಲಚ್ ಬಿಟ್ಟ ಕೂಡಲೇ, ನಿಧಾನವಾಗಬೇಕಿದ್ದ ಕಾರು ಮುಂದಕ್ಕೆ ಹಾರಿತು. ಜಲ್ಲಿಕಲ್ಲಿನ ಮೇಲೆ ಎರಡು ಸುತ್ತು ತಿರುಗಿ, ಟಯರಿನ ಗೋಡೆಗೆ ಹಿಂಭಾಗ ತಾಗಿಸಿಕೊಂಡು ನಿಂತೆ. ಬಾಯಿ ತುಂಬ ಧೂಳು. ಮುಗಿಯಿತು, ಸೀಟು ಹೋಯಿತು, ಅನ್ನುವುದೊಂದೇ ತಲೆಯಲ್ಲಿ.

ಇಬ್ಬರೂ ಓಡಿ ಬಂದರು. ಅಪ್ಪ ಬಗ್ಗಿ ಪೆಡಲ್ ನೋಡಿದ. ಗಂಡ ಬಗ್ಗಿ ವೈರ್ ನೋಡಿದ. ಒಬ್ಬರದು ಒಬ್ಬರಿಗೆ ಕಂಡಿತು.

"ಡಬ್ಬಿ ಹಾಕಿದ್ದೀಯೇನೋ ಕಳ್ಳಾ!"

"ನೀವು ಪ್ಲೇಟು ಎತ್ತರಿಸಿದ್ದೀರಲ್ಲ, ಅದೇನು ಪೂಜೆಗಾ? ಕೊಂದೇಬಿಡ್ತಿದ್ರಿ ಅವಳನ್ನ!"

"ನಾನು ಕೊಲ್ತೀನಾ? ಹುಟ್ಟಿಸಿದವನು ಕಣೋ ನಾನು!"

ನಾನಿನ್ನೂ ಬೆಲ್ಟ್ ಕೂಡ ಬಿಚ್ಚಿರಲಿಲ್ಲ. ಇವರಿಬ್ಬರೂ ನನ್ನ ತೊಡೆಯ ಮೇಲಿಂದ ಕೈ ಚಾಚಿ ಒಬ್ಬರ ಕಾಲರ್ ಒಬ್ಬರು ಹಿಡಿಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಲ್ಮೆಟ್ ತೆಗೆದು ಅದರಿಂದಲೇ ಅಪ್ಪನ ಕೈಗೆ ಒಂದು ಏಟು, ಗಂಡನ ಕೈಗೆ ಒಂದು ಏಟು ಬಿಟ್ಟೆ. "ತೊಲಗಿ ಇಬ್ಬರೂ. ನಾಳೆ ಸಂಜೆವರೆಗೂ ಈ ಕಾರಿನ ನೆರಳು ತುಳಿದ್ರೂ ನಾನು ಮನುಷ್ಯಳಾಗಿರಲ್ಲ."

ಹಿಂದಿನ ಬಂಪರ್ ಒಡೆದದ್ದು ಬಿಟ್ಟರೆ ಕಾರಿಗೆ ಏನೂ ಆಗಿರಲಿಲ್ಲ. ಅದನ್ನು ನಿಧಾನಕ್ಕೆ ಓಡಿಸಿಕೊಂಡು ಟ್ರ್ಯಾಕಿನ ಪಕ್ಕದ ಶೆಡ್ಡುಗಳ ಸಾಲಿನ ಕೊನೆಗೆ, ಎಲ್ಲರೂ ಗಡ್ಡ ಅಂತ ಕರೆಯುವ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಗಡ್ಡ ಒಂದು ಕಾಲದಲ್ಲಿ ಅಪ್ಪನ ಬಲಗೈ. ಅಪ್ಪ ಸ್ಪ್ಯಾನರ್ ಬೀಸಿ ಒಗೆದ ದಿನ ಕೆಲಸ ಬಿಟ್ಟು ಹೋದವನು, ಆಮೇಲೆ ಇತ್ತ ಮುಖ ಹಾಕಲಿಲ್ಲ. ಅವನ ಹೆಸರೆತ್ತಿದರೆ ನಮ್ಮ ಮನೆಯಲ್ಲಿ ಊಟ ನಿಲ್ಲುತ್ತದೆ. ಅವನ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಕಾರನ್ನು ಇನ್ನೊಂದು ಸಲ ಗೋಡೆಗೆ ಗುದ್ದುವುದೇ ವಾಸಿ ಅನಿಸಿತ್ತು. ಆದರೂ ಹಲ್ಲು ಕಚ್ಚಿಕೊಂಡು, "ಅಣ್ಣಾ" ಎಂದೆ.

"ಯಾರು ಕಳಿಸಿದ್ದು? ನಿಮ್ಮಪ್ಪನಾ?"

"ಅಪ್ಪ ಕಳಿಸಿದ್ರೆ ಡಿಕ್ಕಿಯಲ್ಲಿ ಬಾಂಬ್ ಇಟ್ಟು ಕಳಿಸ್ತಿದ್ದ."

ಅವನು ನಗಲಿಲ್ಲ. "ಕೂತ್ಕೋ. ಇಂಜಿನ್ ಹಾಕು. ಬ್ರೇಕ್ ಒತ್ತು," ಅಂದು ಟಾರ್ಚ್ ಹಿಡಿದು, ಬಾಗಿಲ ಬಳಿ ಮೊಣಕಾಲೂರಿ, ನನ್ನ ಪಾದದ ಹತ್ತಿರ ತಲೆ ಇಟ್ಟ. ಸ್ವಲ್ಪ ಹೊತ್ತು ನೋಡಿದ. ಗೊರಕ್ ಅಂತ ಸದ್ದು ಮಾಡಿದ. "ಪ್ಲೇಟು ಚೆನ್ನಾಗಿ ಮಾಡಿದ್ದಾನೆ, ಮುದುಕ. ಅವನ ಕಾಲಿಗೆ." ಆಮೇಲೆ ತಲೆ ಎತ್ತದೆಯೇ ಕೇಳಿದ: "ಎಲ್ಲಿ ನೋಯತ್ತೆ?"

ಅಷ್ಟು ದಿನದಲ್ಲಿ ನಮ್ಮ ಮನೆಯಲ್ಲಿ ಈ ಪ್ರಶ್ನೆ ಯಾರ ಬಾಯಲ್ಲೂ ಬಂದಿರಲಿಲ್ಲ. ಅದು ಈ ಒರಟನ ಬಾಯಲ್ಲಿ ಬರಬೇಕೇ? ಅವನ ಮೇಲೂ ರೇಗಿತು, ಅಳುವೂ ಬಂತು.

"ಹೊರಳಿಸಿದ್ರೆ ನೋಯತ್ತೆ. ಪಾದದ ಹೊರಗಡೆ ಗಂಟಿನಲ್ಲಿ."

"ನೇರಕ್ಕೆ ಒತ್ತಿದ್ರೆ?"

"ಏನಿಲ್ಲ."

"ಹೊರಳಿಸೋಕೆ ಇವತ್ತು ಆಗಲ್ವೋ, ಇನ್ಮೇಲೆ ಆಗಲ್ವೋ?"

ಡಾಕ್ಟರು ಇದನ್ನು ನಮ್ಮ ಮೂವರ ಎದುರಿಗೇ ಹೇಳಿದ್ದರು. ಮೂವರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರಿಬ್ಬರನ್ನು ಬೈಯುತ್ತೇನೆ ಸರಿ, ನಾನೂ ಹಾಕಿಕೊಂಡಿರಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು, "ಇನ್ಮೇಲೆ ಆಗಲ್ಲ," ಎಂದೆ. ನನ್ನ ಬಾಯಿಂದ ಅದು ಹೊರಗೆ ಬಂದದ್ದು ಅದೇ ಮೊದಲು.

"ಹಾಗನ್ನು ಮತ್ತೆ," ಎಂದ ಗಡ್ಡ. "ಆ ಡಬ್ಬಿ ಇರಲಿ. ಪ್ಲೇಟು ಹೋಗಲಿ."

ಅಪ್ಪನ ಪ್ಲೇಟು ಬಿಚ್ಚಿ, ಬ್ರೇಕ್ ಒತ್ತಿದರೂ ಪಾದ ತಾಗದಷ್ಟು ದೂರಕ್ಕೆ ಒಂದು ಚಿಕ್ಕದನ್ನು ಹಾಕಿದ. ಪಕ್ಕದ ಸೀಟಿನಲ್ಲಿ ಕೂತು, ಸುತ್ತು ಸುತ್ತಿಗೂ ನನ್ನನ್ನು ಬೈಯುತ್ತ, ಈಗಿನ ನನ್ನ ಕಾಲಿನ ವೇಗಕ್ಕೆ ಡಬ್ಬಿಯನ್ನು ಹೊಂದಿಸಿದ. ಮಧ್ಯಾಹ್ನವೆಲ್ಲ ಅದೇ ಕೆಲಸ. ಡಬ್ಬಿ ತಾನಾಗಿ ಇಂಜಿನ್ ಏರಿಸಿದಾಗಲೆಲ್ಲ ನನ್ನ ಕೈಯಿಂದ ಯಾರೋ ತುತ್ತು ಕಿತ್ತುಕೊಂಡ ಹಾಗಾಗುತ್ತಿತ್ತು. ಆದರೆ ಕಾರು ತಿರುವಿನಲ್ಲಿ ಅಲುಗಾಡದೆ ನಿಂತಿತು. ಸುಳ್ಳು ಯಾಕೆ ಹೇಳಲಿ, ಹಳೇ ದಿನದ ಹಾಗೇ ನಿಂತಿತು.

ಕಾರನ್ನು ಅಲ್ಲೇ ಬಿಟ್ಟು, ಬೀಗ ಹಾಕಿಸಿ ಬಂದೆ. ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಕೇಳುವ ಮುಖ ಯಾರಿಗಿತ್ತು?

ಭಾನುವಾರ ನನಗೆ ಕೊಟ್ಟದ್ದು ಮೂರು ಸುತ್ತು. ಮೊದಲನೆಯದು ಹೆದರಿಕೆಯಲ್ಲೇ ಹೋಯಿತು. ಎರಡನೆಯದರಲ್ಲಿ ನಿನ್ನೆ ಹಾರಿಹೋದ ಆ ತಿರುವಿಗೇ ಜೋರಾಗಿ ಹೋಗಿ ನೇರಕ್ಕೆ ಬ್ರೇಕ್ ಒತ್ತಿದೆ. ಇಂಜಿನ್ ಹದವಾಗಿ ಏರಿತು, ಗೇರ್ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು. ಮೂರನೆಯ ಸುತ್ತು ಮುಗಿಸಿ ಬಂದಾಗ ಮ್ಯಾನೇಜರಮ್ಮ ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದಳು. ನನ್ನ ಹಳೇ ಟೈಮಿಗಿಂತ ಕೂದಲೆಳೆಯಷ್ಟು ಕಡಿಮೆ. "ಡಬ್ಬಿನೋ ಕಾಲೋ, ನಂಗೆ ಬೇಕಿರೋದು ಟೈಮು. ಸೀಟು ನಿಂದೇ," ಎಂದಳು ನನಗಷ್ಟೇ ಕೇಳುವಂತೆ.

ಅಷ್ಟರಲ್ಲಿ ಅಪ್ಪ ಆಚೆ ಟ್ರ್ಯಾಕಿನಂಚಿನ ಕಟಕಟೆಯ ಹತ್ತಿರ ಜನ ಸೇರಿಸಿಕೊಂಡು ಗಂಟಲು ಹರಿದುಕೊಳ್ಳುತ್ತಿದ್ದ. "ಕೇಳಿದ್ರೇನ್ರೀ ಆ ಸದ್ದು? ಡಬ್ಬಿಗಿಬ್ಬಿ ಅಲ್ಲ, ಅದು ಕಾಲು! ನಾನು ಕಲಿಸಿದ ಕಾಲು! ಸ್ಕ್ರೂ ಹೊಡೆದ್ರೂ ಅದರ ಕೆಲಸ ಅದು ಬಿಡಲ್ಲ!" ಡಬ್ಬಿಯನ್ನು ನಾನು ಕಿತ್ತೆಸೆದಿದ್ದೇನೆ ಅಂತಲೇ ಅವನ ನಂಬಿಕೆ, ಕಣ್ಣಲ್ಲಿ ನೀರು ಬೇರೆ. ಗಂಡ ಎರಡು ಮಾರು ದೂರದಲ್ಲಿ ಕೈ ಕಟ್ಟಿ ನಿಂತು, ನಿಜ ಗೊತ್ತಿದ್ದವನ ನಗು ನಗುತ್ತಿದ್ದ. ಡಬ್ಬಿ ಯಾವ ಸದ್ದು ಮಾಡುತ್ತದೆಂದು ಅವನಿಗೆ ಗೊತ್ತಾಗದೇ ಇರುತ್ತದೆಯೇ?

ನಾನು ಸುಮ್ಮನಿದ್ದರೆ ಆ ದಿನ ಚೆನ್ನಾಗಿ ಮುಗಿಯುತ್ತಿತ್ತು. ಅಪ್ಪ ಖುಷಿಯಾಗಿ ಮನೆಗೆ ಬರುತ್ತಿದ್ದ. ಗಂಡ ಆ ನಗುವನ್ನು ಕೂಡಿಟ್ಟುಕೊಂಡು, ಬೇಕಾದಾಗ ತೆಗೆದು ಅಪ್ಪನ ಮುಖಕ್ಕೆ ಹಿಡಿಯುತ್ತಿದ್ದ. ಆಮೇಲೆ ಮತ್ತೆ ಅದೇ ಮೇಜು, ಅದೇ ಜಗಳ, ನಡುವೆ ನನ್ನ ಕಾಲು. ನಾನು ಕುಂಟಿಕೊಂಡೇ ಅಲ್ಲಿಗೆ ಹೋದೆ.

"ಅದು ಡಬ್ಬಿ ಅಪ್ಪಾ."

"ಸುಮ್ನಿರೇ, ಜನ ಇದ್ದಾರೆ."

"ಇರಲಿ. ನಿನ್ನ ಪ್ಲೇಟು ನಿನ್ನೆಯೇ ಬಿಚ್ಚಿಸಿದೆ. ಬಿಚ್ಚಿದ್ದು ಗಡ್ಡ." ಗಂಡನ ನಗು ಇನ್ನೂ ಅಗಲವಾಯಿತು. ಅವನ ಕಡೆ ತಿರುಗಿದೆ. "ನೀನು ಹಲ್ಲು ಬಿಡಬೇಡ. ನಂಗೆ ಒಂದು ಮಾತು ಹೇಳದೆ ಹಾಕಿ ನನ್ನನ್ನ ಗೋಡೆಗೆ ಗುದ್ದಿಸಿದವನು ನೀನು. ಈ ಕಾರು ಇನ್ಮೇಲೆ ಗಡ್ಡನ ಶೆಡ್ಡಲ್ಲೇ ಇರತ್ತೆ. ನಿಮ್ಮಿಬ್ಬರ ಕೈಗೂ ಕೊಡಲ್ಲ."

ಸೇರಿದ್ದ ಜನ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವನ ದನಿ ಮಾತ್ರ ತೀರ ಕೆಳಗಿಳಿದುಬಿಟ್ಟಿತು.

"ಹಾಗಾದ್ರೆ ನಾನು ಕಲಿಸಿದ್ದೆಲ್ಲ ಮಣ್ಣುಪಾಲಾಯ್ತಾ?"

"ಕಲಿಸಿದ್ದು ಪೂರ್ತಿ ಇದೆ ಅಪ್ಪಾ," ಎಂದೆ. "ಕಾಲೇ ಇಲ್ಲ."

ಅವನು ಕಟಕಟೆ ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕೂತ. ನಾನು ಕೈ ಕೊಡಲಿಲ್ಲ. ನನ್ನ ಗಂಡನೇ ಬಂದು ಅವನ ಪಕ್ಕ ಕೂತ.